ಹದಿನೈದು ದಿನದಲ್ಲಿ ಇಳಿಯುವ ಸುಂಕ

ಎದುರಿಗಿರುವವರು ‘ಹೌದಾ?’ ಎಂದು ಕಣ್ಣರಳಿಸಿದರೆ ಸಾಕು, ನನಗೆ ಗೊತ್ತಿಲ್ಲದ ವಿಷಯವೂ ಗೊತ್ತಾಗಿಬಿಡುತ್ತದೆ. ಇದು ನನ್ನ ಹಳೆಯ ಕಾಯಿಲೆ. ಮನೆಯಲ್ಲಿ ಇದಕ್ಕೆ ಅವಕಾಶವಿಲ್ಲ. ನಾನು ಪೇಪರ್ ಬಿಡಿಸಿ ಪ್ರಪಂಚದ ವಿಚಾರ ಎತ್ತಿದ ಕೂಡಲೇ ನನ್ನ ಹೆಂಡತಿ, ಗ್ಯಾಸ್ ಬುಕ್ ಮಾಡಿದ್ದೀರಾ ಎಂದು ಕೇಳುತ್ತಾಳೆ. ಹಾಗಾಗಿ ನನ್ನ ಜ್ಞಾನವೆಲ್ಲ ಯಸಳೂರಿನ ಹತ್ತಿರದ ಹಾಳೆತಟ್ಟೆ ಕಾರ್ಖಾನೆಯಲ್ಲಿ ಖರ್ಚಾಗುತ್ತಿತ್ತು. ಕಾರ್ಖಾನೆ ಎಂದರೆ ಒಂದು ಶೀಟಿನ ಶೆಡ್ಡು. ಆರು ಜನ ಹೆಂಗಸರು ಅಡಿಕೆ ಹಾಳೆಗಳನ್ನು ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುತ್ತಿದ್ದರು. ನಾನು ಅಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್. ತಟ್ಟೆಗಳು ಮಂಗಳೂರಿನ ವ್ಯಾಪಾರಿಯೊಬ್ಬರ ಮೂಲಕ ಅಮೆರಿಕಕ್ಕೆ ಹೋಗುತ್ತಿದ್ದವು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನಾನು ಪೇಪರ್ ಬಿಚ್ಚುತ್ತಿದ್ದೆ. ಅವರು ಕೇಳುತ್ತಿದ್ದರು. ಕೈಯಲ್ಲಿ ತುತ್ತು ಇದ್ದುದರಿಂದ ಎದ್ದು ಹೋಗುವಂತಿರಲಿಲ್ಲ.

ಆ ದಿನಗಳಲ್ಲಿ ಅಮೆರಿಕದ ಅಧ್ಯಕ್ಷರು ದಿನಕ್ಕೊಂದು ದೇಶವನ್ನು ಹೆದರಿಸುತ್ತಿದ್ದರು. ಸುಂಕ ಹಾಕುತ್ತೇನೆ ಎನ್ನುವುದು, ಆ ದೇಶದವರು ಮಾತಿಗೆ ಬಂದರೆ ಮುಂದಕ್ಕೆ ಹಾಕಿದೆ ಎನ್ನುವುದು. ನಮ್ಮ ಸರದಿಯೂ ಬಂತು. ಮೊದಲು ಒಂದು ಸುಂಕ, ಆಮೇಲೆ ನಾವು ಅವರಿಗಾಗದ ದೇಶದಿಂದ ಕಚ್ಚಾ ಎಣ್ಣೆ ಕೊಳ್ಳುತ್ತೇವೆಂದು ಅದರ ಮೇಲೆ ಇನ್ನೊಂದು. ಅಚ್ಚು ಒತ್ತುವ ಜಯಮ್ಮ, ಆ ಮನುಷ್ಯನಿಗೆ ಮನೆಯಲ್ಲಿ ಬೈಯುವವರು ಯಾರೂ ಇಲ್ಲವಾ ಎಂದು ವಿಚಾರಿಸಿದಳು. ನಾನು ನಕ್ಕು, ಇದೆಲ್ಲ ಬರೀ ಬೆದರಿಕೆ, ಹದಿನೈದು ದಿನದಲ್ಲಿ ಇಳಿಯುತ್ತದೆ ಎಂದು ಘೋಷಿಸಿದೆ. ಹದಿನೈದು ಎಂಬ ಲೆಕ್ಕ ಎಲ್ಲಿಂದ ಬಂತೋ ಇವತ್ತಿಗೂ ಗೊತ್ತಿಲ್ಲ. ಹೇಳಿದ ಮೇಲೆ ನನಗೇ ನಂಬಿಕೆ ಬಂತು.

ಅವತ್ತು ಸಂಜೆ ಸಿಸಿಲಿ ಬಾಯಿ ನನ್ನ ಮೇಜಿನ ಹತ್ತಿರ ಬಂದು ನಿಂತರು. ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯರು, ಗಂಡ ಇಲ್ಲ, ಎಡಮಂಡಿ ಸರಿಯಾಗಿ ಮಡಚುವುದಿಲ್ಲ. ತಟ್ಟೆಯ ಅಂಚು ಕತ್ತರಿಸುವುದು ಕೂತು ಮಾಡುವ ಕೆಲಸವಾದ್ದರಿಂದ ಹೇಗೋ ನಡೆಯುತ್ತಿತ್ತು. ಆನೇಮಹಲಿನ ಹತ್ತಿರ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಅಡುಗೆಯವರು ಬೇಕಾಗಿದ್ದರಂತೆ, ಇರಲು ಒಂದು ಕೋಣೆಯನ್ನೂ ಕೊಡುತ್ತಾರಂತೆ, ಸೋಮವಾರದೊಳಗೆ ಹೇಳಬೇಕಂತೆ.

“ಹೋಗ್ಲೋ, ಇಲ್ಲೇ ಇರ್ಲೋ ರೈಟ್ರೇ? ನೀವು ಓದ್ದೋರು, ಹೇಳಿ.”

ಅಷ್ಟು ಹೊತ್ತಿಗೆ ನಾನು ಅಮೆರಿಕದ ಅಧ್ಯಕ್ಷರ ಮನಸ್ಸನ್ನು ಒಳಹೊಕ್ಕು ನೋಡಿ ಬಂದವನ ಹಾಗಿದ್ದೆ. “ಕೈಲಿರೋ ಕೆಲಸ ಬಿಟ್ಟು ಎಲ್ಲಿಗೆ ಹೋಗ್ತೀರಿ ಬಾಯಮ್ಮ? ಸುಮ್ನೆ ಇರಿ” ಎಂದೆ. ಅವರು ಇದ್ದರು.

ಹದಿನೈದು ದಿನ ಕಳೆಯಿತು, ಇನ್ನೊಂದು ಹದಿನೈದೂ ಕಳೆಯಿತು, ಸುಂಕ ಇಳಿಯಲಿಲ್ಲ. ಮಂಗಳೂರಿನವರು ಸದ್ಯಕ್ಕೆ ಮಾಲು ಕಳಿಸಬೇಡಿ ಎಂದರು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಕಟ್ಟಿಟ್ಟ ತಟ್ಟೆಗಳಿಗೆ ಬೂಷ್ಟು ಬಂತು. ಒಂದು ಬೆಳಿಗ್ಗೆ ಮಾಲೀಕರು ಅಚ್ಚಿನ ಸ್ವಿಚ್ಚು ತಾವೇ ಆರಿಸಿ, ಸಾಲಾಗಿ ನಿಂತಿದ್ದ ಹೆಂಗಸರ ಮುಖ ನೋಡಲಾಗದೆ ನನ್ನ ಮುಖ ನೋಡಿದರು. ಹೇಳಬೇಕಾದವನು ನಾನು. ಹಾಜರಿ ಪುಸ್ತಕ ಮುಚ್ಚಿ, ನಾಳೆಯಿಂದ ಕೆಲಸವಿಲ್ಲ ಎಂದಷ್ಟೇ ಹೇಳಿದೆ. ಮಾರನೆಯ ದಿನ ಮನೆಯಲ್ಲಿ ಹೇಳದೆ ಬಸ್ಸು ಹತ್ತಿ ಆ ಹಾಸ್ಟೆಲ್ಲಿಗೆ ಹೋದೆ. ಸೌಟು ಹಿಡಿದಿದ್ದ ಬೇರೊಬ್ಬ ಹೆಂಗಸೇ ಹೊರಗೆ ಬಂದು, ಯಾರು ಬೇಕು ಎಂದು ಕೇಳಿದಳು. ನೀರು ಕೇಳಿ ಕುಡಿದು ವಾಪಸು ಬಂದೆ.

ಮೊನ್ನೆ ಸಿಸಿಲಿ ಬಾಯಿ ಸಿಕ್ಕಿದರು. ಕಾಫಿ ಹಣ್ಣು ಕೊಯ್ಯುವವರನ್ನು ಎಸ್ಟೇಟಿಗೆ ಒಯ್ಯುವ ಜೀಪಿಗಾಗಿ ರಸ್ತೆ ಬದಿಯಲ್ಲಿ ಕಾಯುತ್ತಿದ್ದರು. ಆ ಮಂಡಿಯಲ್ಲಿ ಇಳಿಜಾರು ಹೇಗೆ ಹತ್ತುತ್ತೀರಿ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಅವರೇ ಮಾತಾಡಿಸಿದರು.

“ಸುಂಕ ಇಳೀತಾ ರೈಟ್ರೇ? ಪೇಪರಲ್ಲಿ ಏನೈತೆ?”

“ಗೊತ್ತಿಲ್ಲ ಬಾಯಮ್ಮ” ಎಂದೆ. ನನ್ನ ಬಾಯಲ್ಲಿ ಆ ಮಾತನ್ನು ಅವರು ಹಿಂದೆ ಕೇಳಿರಲಿಕ್ಕಿಲ್ಲ. ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ನನಗೇ ಏನೋ ಕಷ್ಟ ಬಂದಿದೆ ಎನ್ನುವ ಹಾಗೆ ಸಮಾಧಾನ ಹೇಳಿದರು.

“ಹೋಗ್ಲಿ ಬುಡಿ. ನಿಮ್ಮನ್ನೇನು ಕೇಳಿ ಸುಂಕ ಹಾಕಿದ್ನಾ ಅವ್ನು?”

ಜೀಪು ಬಂತು. ಮೇಲಿದ್ದವರು ಕೈ ಕೊಟ್ಟು ಎಳೆದುಕೊಂಡರು. ನಾನು ಅಲ್ಲೇ ನಿಂತಿದ್ದೆ. ಅವನು ನನ್ನನ್ನು ಕೇಳಿರಲಿಲ್ಲ, ನಿಜ. ಆದರೆ ಬಾಯಮ್ಮ ಕೇಳಿದ್ದರು.