ಅಕ್ಕನ ಹೆಸರಿನ ಪಟ್ಟಾಪಟ್ಟಿ ಕ್ರೋಶಾ

ನಮ್ಮ ಮನೆಯಲ್ಲಿ ಯಾವ ಕೆಲಸವೂ ಶುರು ಮಾಡಿದವರ ಕೈಯಲ್ಲಿ ಮುಗಿಯುವುದಿಲ್ಲ. ಅವ್ವ ಒಗ್ಗರಣೆಗೆ ಎಣ್ಣೆ ಇಟ್ಟರೆ ಪಕ್ಕದ ಮನೆಯಾಕೆ ಬಂದು ಸಾಸಿವೆ ಹಾಕುತ್ತಾಳೆ. ಅಪ್ಪ ತೆಗೆದ ಜಗಳವನ್ನು ಅವ್ವ ಮುಗಿಸುತ್ತಾಳೆ. ಹೀಗಿರುವಾಗ ಅಕ್ಕ ಕಲಿಯಬೇಕಾಗಿದ್ದ ಕ್ರೋಶಾ ಹೆಣಿಗೆಯನ್ನು ನಾನು ಕಲಿತೆ ಅಂದರೆ ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ.

ಆಗಿದ್ದು ಇಷ್ಟು. ಲಕ್ಷ್ಮೇಶ್ವರದ ನಮ್ಮ ಸೋದರಮಾವ ಅಕ್ಕನಿಗೆ ಮುಂಡರಗಿಯ ಕಿರಾಣಿ ಅಂಗಡಿ ಹುಡುಗನ ಸಂಬಂಧ ತಂದ. ಆ ಹುಡುಗನನ್ನು ಅಕ್ಕ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನೋಡಿದ್ದಳು. ಅವತ್ತಿನಿಂದ ಯಾರಾದರೂ ಮುಂಡರಗಿ ಬಸ್ಸಿನ ಸುದ್ದಿ ತೆಗೆದರೂ ತಲೆ ತಗ್ಗಿಸಿ ನಗುತ್ತಿದ್ದಳು. ತೊಡಕಿದ್ದದ್ದು ಹುಡುಗನ ಅವ್ವನದು. ಕನ್ಯಾ ನೋಡಲು ಹೋದಲ್ಲೆಲ್ಲ ಆಕೆ ಮೊದಲು ಹುಡುಗಿಯ ಕೈಗೆಲಸ ನೋಡುತ್ತಾಳೆ, ಆಮೇಲೆ ಮುಖ. ಅವರ ಮನೆಯಲ್ಲಿ ಗಡಿಯಾರಕ್ಕೆ, ಹೂಜಿಗೆ, ಹೊಲಿಗೆ ಮಷೀನಿಗೆ, ಕಡೆಗೆ ಬೀಸಣಿಕೆಗೂ ಕ್ರೋಶಾದ ಅಂಗಿ ಇವೆಯಂತೆ. ಮಾವ ಸುಮ್ಮನಿದ್ದಿದ್ದರೆ ಆಗುತ್ತಿತ್ತು. "ನಮ್ಮ ಹುಡುಗಿ ಕ್ರೋಶಾದಾಗ ಭಾಳ ಶಾಣ್ಯಾ ಅದಾಳ್ರಿ, ಬಂದಾಗ ರೇಡಿಯೋದ ಮ್ಯಾಲಿನ ಕವರ್ ನೋಡ್ರಿ" ಎಂದುಬಿಟ್ಟ. ಅಕ್ಕನಿಗೆ ರೊಟ್ಟಿ ಬಡಿಯಲು ಬರುತ್ತದೆ, ಮಗ್ಗದ ಕಂಡಿಕೆಗೆ ನೂಲು ಸುತ್ತಲು ಬರುತ್ತದೆ, ನನ್ನ ಬೆನ್ನಿಗೆ ಗುದ್ದಲೂ ಬರುತ್ತದೆ. ಕ್ರೋಶಾ ಬರುವುದಿಲ್ಲ. ನಮ್ಮ ರೇಡಿಯೋ ಬರೀ ಮೈಯಲ್ಲಿ ಕುಂತಿತ್ತು.

೧. ವ್ಯಾಪಾರಿ ಬಂದ ದಿನ

ಎದುರು ಮನೆಯ ದರ್ಜಿ ಚಾಚಾನ ಹೆಂಡತಿ ಓಣಿಯ ಹುಡುಗಿಯರಿಗೆಲ್ಲ ಕಟ್ಟೆಯ ಮೇಲೆ ಕೂಡ್ರಿಸಿಕೊಂಡು ಕ್ರೋಶಾ ಕಲಿಸುತ್ತಾಳೆ. ಅವ್ವ ಅಕ್ಕನನ್ನು ಅಲ್ಲಿಗೆ ಅಟ್ಟಿದಳು. ಅಕ್ಕನ ಕೈಯಲ್ಲಿ ದಾರ ಹಕ್ಕಿಗೂಡಾಯಿತು. ನನಗೆ ಬೇರೆ ಕೆಲಸವಿರಲಿಲ್ಲ. ನಾನು ಶಾಲೆ ಬಿಟ್ಟೆ ಎಂದು ಅಪ್ಪ ಎಲ್ಲರ ಮುಂದೆ ಹೇಳುತ್ತಾನೆ, ಅದು ಸುಳ್ಳು, ಶಾಲೆಯೇ ನನ್ನನ್ನು ಬಿಟ್ಟಿತು. ಕಟ್ಟೆಯ ಕೆಳಗೆ ನಿಂತು ಅಕ್ಕನ ನಕಲು ಮಾಡುತ್ತಿದ್ದೆ.

ಚಾಚಿ ಕರೆದಳು. "ಲೇ, ನಗಾಕ ಬಂದೀಯೋ ಕಲಿಯಾಕ ಬಂದೀಯೋ?"

"ಎರಡಕ್ಕೂ, ಚಾಚಿ."

"ಹಂಗಾರ ಮ್ಯಾಲ ಬಂದು ಕುಂಡ್ರು. ನಗೂದು ಆಮ್ಯಾಲ."

ಕೈಗೆ ಕ್ರೋಶಾ ಕಡ್ಡಿ ಕೊಟ್ಟಳು. ಕುಣಿಕೆಯೊಳಗೆ ಕಡ್ಡಿ, ಕಡ್ಡಿಗೆ ದಾರ, ಎಳೆದರೆ ಒಂದು ಸರಪಳಿ. ನೇಕಾರನ ಮಗ ನಾನು, ದಾರ ನನ್ನ ಮಾತು ಕೇಳುತ್ತದೆ. ಸಂಜೆಯೊಳಗೆ ಎಮ್ಮೆ ಕಟ್ಟುವಷ್ಟು ಉದ್ದದ ಸರಪಳಿ ಹಾಕಿದೆ. ಅಪ್ಪನ ಚಡ್ಡಿಯ ಲಾಡಿ ಹರಿದಿತ್ತು. ಸರಪಳಿಯಲ್ಲಿ ಒಂದು ತುಂಡು ಕತ್ತರಿಸಿ ಕೊಟ್ಟೆ. ಅಪ್ಪನಿಗೆ ಮಗ ಉದ್ಧಾರ ಆದ ಎಂದು ಖುಷಿ.

ಕ್ರೋಶಾದ ಸರಪಳಿ ಎಳೆದಷ್ಟೂ ಹಿಗ್ಗುತ್ತದೆ. ಆ ಪಾಠ ಇನ್ನೂ ಆಗಿರಲಿಲ್ಲ.

ನಮ್ಮದು ಕುಣಿ ಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ತುಳಿಯಬೇಕು. ಅಪ್ಪ ತುಳಿದ ಹಾಗೆಲ್ಲ ಲಾಡಿ ಹಿಗ್ಗಿತು, ಚಡ್ಡಿ ಇಳಿಯಿತು. ಸರಿಯಾಗಿ ಆ ಹೊತ್ತಿಗೆ ಗದಗಿನ ನೂಲಿನ ವ್ಯಾಪಾರಿ ಬಾಗಿಲಲ್ಲಿ ನಿಂತ. ಬೇರೆ ದಿನ ಆದರೆ ಅಪ್ಪ ಎದ್ದು ಕೈಮುಗಿದು ಜಮಖಾನೆ ಹಾಸುತ್ತಾನೆ. ಅವತ್ತು ಕುತ್ತಿಗೆ ಸಹ ಎತ್ತಲಿಲ್ಲ.

"ಏಳ್ರಿ ಯಜಮಾನ್ರ, ಚಾ ಕುಡಿಯೂಣು."

"ಈಗ ಏಳಾಕ ಬರೂದಿಲ್ಲರಿ. ಕೆಲಸ ಕೈಯಾಗೈತಿ."

ಕೈಯಲ್ಲಿ ಇದ್ದದ್ದು ಚಡ್ಡಿ. ವ್ಯಾಪಾರಿಗೆ ಅದು ಕಾಣಲಿಲ್ಲ. "ಸಾಹುಕಾರ ಬಂದ್ರೂ ಕುಣಿ ಬಿಟ್ಟು ಏಳದಂಥಾ ದುಡಿಯೂ ಮನಷ್ಯಾ" ಎಂದು ಪೇಟೆಯೆಲ್ಲ ಹೊಗಳಿಕೊಂಡು ಹೋದ. ಮುಂದಿನ ವಾರ ಒಳ್ಳೇ ನೂಲು, ಒಳ್ಳೇ ಸೀರೆಯ ಕೆಲಸ ನಮ್ಮ ಮನೆಗೆ ಬಂತು. ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಅಂಥಾದ ಇನ್ನೊಂದು ಲಾಡಿ ಹಾಕಿಡು. ವ್ಯಾಪಾರಿ ಬರೂ ದಿನಾ ಕಟ್ಟಿಕೊಂತೇನಿ."

೨. ಪೈಲ್ವಾನರಿಗೆ ಪಸಂದ ಬಂದದ್ದು

ಅಕ್ಕ ಒಂದು ಮಧ್ಯಾಹ್ನ ಕಡ್ಡಿ ಬಿಸಾಕಿ ಅತ್ತಳು. ಮುಂಡರಗಿಯ ಸಂಬಂಧ ತಪ್ಪಿದರೆ ತಾನು ಬೇರೆ ಯಾರನ್ನೂ ನೋಡುವುದಿಲ್ಲ ಎಂದಳು. ಆಮೇಲೆ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಕವರ್ ನೀನ ಹಾಕಿಕೊಡು. ಯಾರ ಮುಂದರ ಬಾಯಿ ಬಿಟ್ಟೆಂದ್ರ ನಿನ್ನ ತುಟಿಗೆ ಕ್ರೋಶಾ ಹಾಕ್ತೇನಿ."

"ಅದಕ್ಕೂ ನಾನ ಹಾಕಿಕೊಡಬೇಕಾಗತೈತಿ" ಎಂದೆ. ಗುದ್ದು ಬಿತ್ತು.

ಚಾಚಿ ಎಲ್ಲಕ್ಕಿಂತ ಸರಳವಾದ ಪಟ್ಟಾಪಟ್ಟಿ ತೋರಿಸಿದಳು. ಕೆಂಪು ದಾರದಲ್ಲಿ ಒಂದಿಷ್ಟು ಸಾಲು ಕಂಬ, ಆಮೇಲೆ ಹಳದಿ, ಮತ್ತೆ ಕೆಂಪು. ಕಂಬ ಅಂದರೆ ನೆಟ್ಟಗೆ ನಿಲ್ಲುವ ಉದ್ದ ಕುಣಿಕೆ. "ಕಡೀ ಕಂಬ ಪೂರಾ ಮುಗಸಬ್ಯಾಡ. ಇನ್ನೊಂದು ಎಳತ ಉಳದಾಗ ಹೊಸಾ ಬಣ್ಣ ಹಿಡದು ಎಳಿ. ಅಂದ್ರ ಪಟ್ಟಿ ಗೆರಿ ಹೊಡದಂಗ ಬರತೈತಿ." ಒಂದೇ ಸಲಕ್ಕೆ ತಿಳಿಯಿತು. ಹಾಕಿದೆ ನೋಡಿ, ಕೆಂಪು, ಹಳದಿ, ಕೆಂಪು, ಹಳದಿ. ಓಣಿಯ ಹುಡುಗಿಯರು ತಮ್ಮದನ್ನು ಮುಚ್ಚಿಟ್ಟುಕೊಳ್ಳಬೇಕು, ಹಾಗೆ.

ಮುಗಿಸಿ ಚಾಚಿಯ ಮುಂದೆ ಹರವಿದೆ. ಆಕೆ ಅದರ ಮೇಲೆ ಗೇಣು ಹಾಕಿ ನೋಡಿದಳು.

"ಬಣ್ಣ ಬರೋಬ್ಬರಿ ಅದಾವು. ಆದ್ರ ರೇಡಿಯೋ ಚೌಕ ಇರತೈತಲ್ಲೋ. ಇದ್ಯಾಕ ಮುಕ್ಕೋಣ ಆಗೇತಿ?"

ಪ್ರತಿ ಸಾಲು ತಿರುಗಿಸುವಾಗ ಅಂಚಿನ ಕಂಬವನ್ನು ಬಿಟ್ಟುಕೊಂಡು ಬಂದಿದ್ದೆ. ಮೇಲೆ ಹೋದಷ್ಟೂ ಅಗಲ ಕಡಿಮೆಯಾಗಿ ಕಡೆಗೆ ಎರಡು ಬೆರಳು ಉಳಿದಿತ್ತು. ಅಷ್ಟರಲ್ಲಿ ಗರಡಿ ಮನೆಯ ಪೈಲ್ವಾನ ಆ ದಾರಿಯಲ್ಲಿ ಹೊರಟಿದ್ದ. ಅದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ, ಸೊಂಟಕ್ಕೆ ಹಿಡಿದು ಅಳತೆ ನೋಡಿದ.

"ತಮ್ಮಾ, ಲಂಗೋಟಿ ಭಾಳ ಚಂದ ಹಾಕೀಯಲ್ಲೋ. ಇದನ್ನ ನನಗ ಕೊಡು, ನಾಗಾವಿ ಕುಸ್ತಿಗೆ ಕಟ್ಟತೇನಿ."

ಅಪ್ಪನ ಲಾಡಿಯ ಅನುಭವ ಇತ್ತಲ್ಲ. "ಪೈಲ್ವಾನ್ರ, ಇದು ಎಳದ್ರ ಹಿಗ್ಗತೈತ್ರಿ" ಎಂದೆ.

ಪೈಲ್ವಾನ ಮೀಸೆ ಮೇಲೆ ಕೈಯಿಟ್ಟು ಯೋಚಿಸಿದ. "ಹಂಗಾರ ನನಗ ಬ್ಯಾಡ. ನನ್ನ ಎದುರಿಗೆ ಕುಸ್ತಿ ಹಿಡಿಯಾವ ಒಬ್ಬ ಅದಾನ, ಅವಂಗ ಕೊಡು."

೩. ಶಿರಹಟ್ಟಿ ಸಂತೆಯಲ್ಲಿ

ಎರಡನೇ ಕವರು ಚೌಕ ಬಂತು. ಇನ್ನು ಒಂದು ಪಟ್ಟಿ ಉಳಿದಿರುವಾಗ ಮಾವನಿಂದ ಹೇಳಿಕೆ ಬಂತು: ಕಣ್ಣಿಲೆ ಕವರ್ ನೋಡಿದ ಮೇಲೇ ಮುಂಡರಗಿಯವರನ್ನು ಕರೆತರುತ್ತೇನೆ. ಸುಳ್ಳು ಹೇಳಿದವನಿಗೆ ಈಗ ಅಂಜಿಕೆ ಬಂದಿತ್ತು. ನಾನು ಕವರು, ದಾರದ ಉಂಡೆ ತೆಗೆದುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಉಳಿದ ಪಟ್ಟಿಯನ್ನು ಬಸ್ಸಿನಲ್ಲೇ ಹಾಕುತ್ತ ಹೋದೆ. ಪಕ್ಕದಲ್ಲಿ ಒಬ್ಬ ಅಜ್ಜ, ಅವನ ಕಾಲ ಹತ್ತಿರ ಬದನೆಕಾಯಿ ಬುಟ್ಟಿ.

ಗಾಳಿಗೆ ಕಣ್ಣು ಹತ್ತಿತು. ಉಂಡೆ ಜಾರಿ ಬುಟ್ಟಿಯಲ್ಲಿ ಬಿದ್ದು, ಬದನೆಕಾಯಿ ತೊಟ್ಟಿನ ಮುಳ್ಳಿಗೆ ಸಿಕ್ಕಿಕೊಂಡಿತು. ಶಿರಹಟ್ಟಿಯಲ್ಲಿ ಬಸ್ಸು ನಿಂತಿತು. ಅಜ್ಜ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಸಂತೆಗೆ ನಡೆದ.

ಕ್ರೋಶಾದ ಗುಣ ಅದು. ಗಂಟು ಹಾಕಿ ಮುಗಿಸುವ ತನಕ, ದಾರದ ತುದಿ ಹಿಡಿದು ಯಾರು ಎಳೆದರೂ ಸಾಲಿಗೆ ಸಾಲು ಬಿಚ್ಚಿಕೊಂಡು ಹೋಗುತ್ತದೆ. ನನಗೆ ಎಚ್ಚರವಾದಾಗ ತೊಡೆಯ ಮೇಲೆ ಕವರು ಕುಣಿಯುತ್ತಿತ್ತು. ಹಳದಿ ಪಟ್ಟಿ ಮುಗಿದು ಕೆಂಪಿಗೆ ಕೈ ಹಾಕಿತ್ತು.

"ಕಂಡಕ್ಟರ್ ಸಾಹೇಬ್ರ, ಆ ಅಜ್ಜನ್ನ ಹಿಡೀರಿ. ನನ್ನ ರೇಡಿಯೋದ ಕವರ್ ಹೊಂಟೈತಿ."

ಕಂಡಕ್ಟರ್ ಅದನ್ನೇ ಹೊರಗೆ ನಿಂತವರಿಗೆ ಕೂಗಿ ಹೇಳಿದ. ಅವರು ಅರ್ಧ ಕೇಳಿ, ಕಾಲು ಭಾಗ ಮುಂದಿನವರಿಗೆ ಹೇಳಿದರು. ಸುದ್ದಿ ಸಂತೆ ಮುಟ್ಟುವುದರೊಳಗೆ ಅಜ್ಜ ಬಸ್ಸಿನಲ್ಲಿ ರೇಡಿಯೋ ಕದ್ದು ಓಡುತ್ತಿದ್ದ. ಮಂದಿ ಸುತ್ತುಗಟ್ಟಿ ಬುಟ್ಟಿ ಇಳಿಸಿದರು. ಒಂದೊಂದೇ ಬದನೆಕಾಯಿ ತೆಗೆದು ರೇಡಿಯೋ ಹುಡುಕಿದರು. ಸಿಕ್ಕಿದ್ದು ಹಳದಿ ಉಂಡೆ.

ಅಜ್ಜ ಸಿಟ್ಟಾಗಲಿಲ್ಲ. ದಾರ ಹಿಡಿದು ಸುತ್ತುತ್ತ ಸುತ್ತುತ್ತ ಬಸ್ಸಿನ ಕಿಟಕಿಯ ತನಕ ಬಂದು, ಉಂಡೆಯನ್ನು ನನ್ನ ಕೈಗಿಟ್ಟ. "ತಮ್ಮಾ, ನಿನ್ನ ರೇಡಿಯೋ ಎಲ್ಲೈತೋ ನಾ ಕಾಣೆ. ಅದರ ವಾಯರ್ ಮಾತ್ರ ಸಂತಿ ಮುಟ್ಟಿತ್ತು ನೋಡು."

೪. ಮುಂಡರಗಿಯವರು ಬಂದರು

ಉಳಿದ ಅರ್ಧ ಕವರು ನೋಡಿ ಮಾವ ಹಣೆ ಹಣೆ ಬಡಿದುಕೊಂಡ. "ಅಂಜಬ್ಯಾಡ ಮಾವಾ, ಈಗ ನನ್ನ ಕೈ ಪಳಗೇತಿ" ಎಂದೆ. ಸುಳ್ಳಲ್ಲ. ಮೂರನೇ ಸಲ ಹಾಕಿದ ಕವರು ರೇಡಿಯೋಕ್ಕೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತು.

ಹುಡುಗ ಮತ್ತು ಅವನ ಅವ್ವ ಮಾವನ ಜೊತೆ ಬಂದರು. ಹುಡುಗ ಬಂದಾಗಿನಿಂದ ನೆಲದ ಪರಸಿ ಕಲ್ಲು ನೋಡುತ್ತ ಕುಂತಿದ್ದ. ಅವನ ಅವ್ವ ಮಂಡಕ್ಕಿಯ ಸುಸಲ ತಿಂದು, ಚಾ ಕುಡಿದು, ಎದ್ದು ಸೀದಾ ರೇಡಿಯೋದ ಹತ್ತಿರ ಹೋದಳು. ಕವರು ತೆಗೆದು ತಿರುವಿ ಹಾಕಿ ಬೆಳಕಿಗೆ ಹಿಡಿದಳು.

"ಚಂದ ಐತಿ. ಯಾರ ಕೈಗೆಲಸ?"

"ಹುಡುಗೀದ್ರಿ" ಎಂದ ಮಾವ.

"ಹುಡುಗಿ ಬಾಯಿಲೆ ಹೇಳ್ಲಿ."

ಅಕ್ಕ ಕವರು ನೋಡಿದಳು, ಹುಡುಗನನ್ನು ನೋಡಿದಳು. ನಾನು ಬಾಗಿಲ ಸಂದಿಯಿಂದ ಹೂಂ ಅನ್ನು ಎಂದು ಕಣ್ಣು ಹೊಡೆದೆ. "ನಾ ಹಾಕಿಲ್ಲರಿ" ಎಂದಳು ಅಕ್ಕ. "ನಮ್ಮ ತಮ್ಮ ಹಾಕ್ಯಾನ. ನನಗ ಬರೂದಿಲ್ಲ."

ಮಾವ ಬಾಯಲ್ಲಿದ್ದ ಅಡಿಕೆಯನ್ನು ಹಾಗೇ ನುಂಗಿದ. ಅವ್ವ ಬಾಯಿಗೆ ಸೆರಗು ಹಿಡಿದಳು. ಅಕ್ಕನ ಕಣ್ಣು ತುಂಬಿತ್ತು. ಸಂಬಂಧ ಹೋಯಿತು ಎಂದೇ ಎಲ್ಲರೂ ತಿಳಿದರು.

"ಗಂಡಹುಡುಗ ಹಾಕ್ಯಾನ?" ಹುಡುಗನ ಅವ್ವ ನಂಬಲಿಲ್ಲ. "ಕರೀರಿ ಅವನ್ನ. ಇಲ್ಲೇ ಹಾಕಿ ತೋರಸಲಿ."

ನಾನು ಎದೆ ಉಬ್ಬಿಸಿ ಬಂದು ಕುಂತೆ. ಕೆಂಪು ದಾರದಲ್ಲಿ ಒಂದು ಪಟ್ಟಿ ಹಾಕಿದೆ. ಹಳದಿ ಎತ್ತಿಕೊಂಡೆ.

"ಹಂಗಲ್ಲ, ಕೊಡು ಇಲ್ಲೆ" ಎಂದು ಆಕೆ ಕಡ್ಡಿ ಕಸಿದುಕೊಂಡಳು. ಸಾರು ತಿರುವುವ ಸೌಟಿನ ಹಾಗೆ ಹಿಡಿದಳು. "ಈಗ ಕೆಂಪು ದಾರ ಕತ್ತರಿಸಬೇಕು. ಕತ್ತರಿ ತರ್ರಿ."

"ಅವ್ವಾ, ಕತ್ತರಿಸಬ್ಯಾಡ" ಎಂದ ಹುಡುಗ. ಮೊದಲ ಸಲ ತಲೆ ಎತ್ತಿದ್ದ. "ಅದನ್ನ ಅಂಚಿಗುಂಟ ಮ್ಯಾಲ ಒಯ್ಯಬೇಕು. ಮತ್ತ ಕೆಂಪು ಪಟ್ಟಿ ಬಂದಾಗ ಅಲ್ಲೇ ಕೈಗೆ ಸಿಗತೈತಿ."

ನಾನು ಆಕೆಯ ಕೈಯಿಂದ ಕಡ್ಡಿ ತೆಗೆದು ಹುಡುಗನ ಕೈಗೆ ಕೊಟ್ಟೆ. ಅವನ ಬೆರಳು ನಿಲ್ಲಲಿಲ್ಲ. ಮಾವ ಇನ್ನೊಂದು ಅಡಿಕೆ ಬಾಯಿಗೆ ಹಾಕಿಕೊಳ್ಳುವುದರೊಳಗೆ ಒಂದು ಸಾಲು ಮುಗಿದಿತ್ತು. ನನ್ನಷ್ಟು ಚುರುಕು ಕೈ ಬೆಟಗೇರಿಯಲ್ಲಿ ಇಲ್ಲ ಎಂಬ ಮಾತನ್ನು ನಾನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅವನು ಮುಂಡರಗಿಯವನು.

"ಗಡಿಯಾರದ್ದು, ಹೂಜೀದು, ಬೀಸಣಿಕೀದು?" ಎಂದು ಕೇಳಿದೆ.

"ಮಧ್ಯಾಹ್ನ ಅಂಗಡ್ಯಾಗ ಗಿರಾಕಿ ಇರೂದಿಲ್ಲ" ಎಂದ ಹುಡುಗ ಮೆತ್ತಗೆ.

ಅವನ ಅವ್ವ ತಲೆ ಎತ್ತಿ ಮಾಳಿಗೆಯ ಜಂತಿ ಎಣಿಸುತ್ತಿದ್ದಳು. ಅಕ್ಕನಿಗೆ ಅಳು ಹೋಗಿ ನಗು ಬಂತು. ಸೆರಗು ಕಚ್ಚಿದರೂ ತಡೆಯಲಿಲ್ಲ.

"ನಗತೀ ಏನವ್ವಾ" ಎಂದಳು ಹುಡುಗನ ಅವ್ವ. "ಊರಾಗ ಕ್ರೋಶಾ ಅಂದ್ರ ನನ್ನ ಹೆಸರು ಹೇಳತಾರ. ನಾಳೆ ನೀ ಬಂದಮ್ಯಾಲ ಮಂದಿ ಬಂದು, ಇದೆಲ್ಲಾ ಸೊಸಿ ಹಾಕ್ಯಾಳೇನು ಅಂತ ಕೇಳಿದ್ರ ಏನಂತ ಹೇಳ್ತಿ?"

"ನನಗ ಹಾಕಾಕೂ ಬರೂದಿಲ್ಲ, ಹಾಕೇನಿ ಅಂತ ಹೇಳಾಕೂ ಬರೂದಿಲ್ಲರಿ" ಎಂದಳು ಅಕ್ಕ.

ಹುಡುಗನ ಅವ್ವ ನಮ್ಮ ಅವ್ವನ ಕಡೆ ತಿರುಗಿ, ಸಂಬಂಧ ಕೂಡಿತು, ಬಾಯಿ ಸಿಹಿ ಮಾಡಲು ಸಕ್ಕರೆ ತರ್ರಿ ಎಂದಳು. ಅಕ್ಕನ ಕೈ ಹಿಡಿದು ಮಗ್ಗುಲಲ್ಲಿ ಕೂಡ್ರಿಸಿಕೊಂಡಳು.

"ಹಾಕೂದನ್ನ ನನ್ನ ಮಗ ಕಲಸ್ತಾನ. ಹೇಳೂದನ್ನ ನಾ ಕಲಸ್ತೇನಿ."