ಸಿಂಗಳೀಕ ನೋಡಲು ಮಾವನ ಮನೆಯವರೊಂದಿಗೆ

ಸುಳ್ಳು ಹೇಳುವವರಲ್ಲಿ ಮೇಷ್ಟ್ರಷ್ಟು ಬಡಪಾಯಿ ಇನ್ನೊಬ್ಬನಿಲ್ಲ. ಬೇರೆಯವರು ಹೇಳಿ ಮರೆತುಬಿಡಬಹುದು; ನಮ್ಮ ಸುಳ್ಳನ್ನು ಕ್ಲಾಸಿಗೆ ಕ್ಲಾಸೇ ನೋಟ್ಸ್ ಬರೆದುಕೊಂಡಿರುತ್ತದೆ. ಎಂಬತ್ತರ ದಶಕದಲ್ಲಿ ನಾನು ತಮಿಳು ಸೀಮೆಯ ಪೀಳಮೇಡಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೆ. ಒಂದು ದಿನ ಕಪ್ಪುಹಲಗೆಯ ಮೇಲೆ ಸಿಂಗಳೀಕ ಬರೆದು, ಮುಖದ ಸುತ್ತ ಕೇಸರ, ಬಾಲದ ತುದಿಗೆ ಸಿಂಹದ ಹಾಗೆ ಕುಚ್ಚು ತೀಡುತ್ತಿದ್ದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ನೀವು ಇದನ್ನ ಕಾಡಲ್ಲಿ ನೋಡಿದೀರಾ?" ಎಂದಳು. "ಓ, ಎಷ್ಟೋ ಸಲ" ಎಂದುಬಿಟ್ಟೆ. ನಾನು ನೋಡಿದ್ದು ಪಠ್ಯಪುಸ್ತಕದಲ್ಲಿ. ಅದೂ ಮಸಿ ಹರಡಿ ಕರಡಿಯಂತೆ ಕಾಣುತ್ತಿತ್ತು. ಆಮೇಲೆ ಆ ಹುಡುಗಿಯ ಮುಖ ಕಂಡಾಗಲೆಲ್ಲ ನನಗೆ ಇರಿಸುಮುರಿಸು. ಬೇಸಿಗೆ ರಜೆಯಲ್ಲಿ ಸಿಂಗಳೀಕಗಳಿರುವ ವಾಲ್ಪಾರೈ ಬೆಟ್ಟಕ್ಕೆ ಹೋಗಿ ಸುಳ್ಳನ್ನು ನಿಜ ಮಾಡಿಕೊಂಡು ಬರಬೇಕೆಂದು ನಿರ್ಧರಿಸಿದೆ.

ಒಬ್ಬನೇ ಹೋಗಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಹೆಂಡತಿಯ ತವರು ಅಲ್ಲೇ ಹತ್ತಿರದ ಅವಿನಾಶಿ ಎಂಬ ಊರು. ತಲೆಮಾರುಗಳಿಂದ ಅಲ್ಲಿ ನೆಲೆಸಿದ ಕನ್ನಡದ ನೇಕಾರರು. ನನ್ನ ಮೈಸೂರು ಕನ್ನಡ ಕೇಳಿದರೆ ರೇಡಿಯೋ ಹಾಕಿದಂಗಿದೆ ಎಂದು ನಗುತ್ತಾರೆ. ಮನೆಯ ಹಿಂದೆಯೇ ಎಂಟು ಪವರ್‌ಲೂಮುಗಳು. ಆ ಗದ್ದಲದಲ್ಲೇ ಬಾಳಿದ್ದರಿಂದ ಎಲ್ಲರ ಗಂಟಲೂ ಗಟ್ಟಿ. ಮಾವ ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಹಾಗೆ. ಮಗ್ಗದ ಶೆಡ್ಡಿನೊಳಗೆ ಆ ಗಂಟಲೂ ನಡೆಯದು. ಅಲ್ಲಿ ಎಲ್ಲವೂ ಕೈಸನ್ನೆ. ಅಳಿಯನಾಗಿ ಆರು ವರ್ಷವಾದರೂ ಅದನ್ನು ನಾನು ಕಲಿತಿರಲಿಲ್ಲ. ಎಂ.ಎಸ್ಸಿ. ಓದಿದವನಿಗೆ ಅದೆಲ್ಲ ಯಾಕೆ ಎಂಬ ಗತ್ತು. ಆ ವಾರ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಮಗ್ಗಗಳೆಲ್ಲ ನಿಂತವು. "ನಾವೂ ಬತ್ತೀವಿ ಮಾಪಳೆ, ಕೊರಂಗು ನೋಡಿ ಎಷ್ಟು ನಾಳಾಯ್ತು!" ಎಂದರು ಅತ್ತೆ. ಅವರ ಮಾತಿನಲ್ಲಿ ಅಳಿಯ ಮಾಪಳೆ, ಮಂಗ ಕೊರಂಗು. ಅತ್ತೆ, ಮಾವ, ಹೆಂಡತಿ ಮೂವರೂ ಬಸ್ಸು ಹತ್ತಿದರು.

ವಾಲ್ಪಾರೈಯಲ್ಲಿ ನಮಗಿದ್ದದ್ದು ಒಂದೇ ಬೆಳಗು. ಮಧ್ಯಾಹ್ನ ವಾಪಸು ಬಸ್ಸು. ಚಹಾ ತೋಟ ದಾಟಿ ಕಾಡಿನ ಅಂಚಿಗೆ ಬಂದೆವು. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯೊಂದು ಕೊಂಬೆಯ ಮೇಲೆ ಕೂತಿತ್ತು. ನಾನು ಕಾಲೇಜಿನ ದುರ್ಬೀನನ್ನು ಕಣ್ಣಿಗೆತ್ತುವಷ್ಟರಲ್ಲಿ ಮಾವ, "ಅದೋ ಪಾರು! ಮೂಗು ನೋಡೋ ಅದುರ್ದು!" ಎಂದು ಕೂಗಿದರು. ಪಾರು ಎಂದರೆ ನೋಡು ಎಂದು; ಆದರೆ ಹಕ್ಕಿಯ ರೆಕ್ಕೆಯ ಸದ್ದಷ್ಟೇ ನಮಗೆ ಸಿಕ್ಕಿತು. ನನಗೆ ಪಿತ್ತ ನೆತ್ತಿಗೇರಿತು. "ಇನ್ನು ಯಾರಾದರೂ ಬಾಯಿ ತೆರೆದರೆ ನಾನು ಇಲ್ಲಿಂದಲೇ ವಾಪಸ್ಸು" ಎಂದು ಗದರಿದೆ. ಮಾವನಿಗೆ ಹಾಗೆ ಹೇಳಬಾರದಿತ್ತು, ಆದರೆ ಹೇಳಿದೆ. ಮೂವರೂ ಗಪ್‌ಚುಪ್ಪಾಗಿ ದೂರದ ಬಂಡೆಯ ಮೇಲೆ ಕೂತರು.

ನಾನು ಒಂದು ಮರಕ್ಕೊರಗಿ ದುರ್ಬೀನು ಹಿಡಿದೆ. ಕಣಿವೆಯಾಚೆಯ ಮರದಲ್ಲಿ ಕಪ್ಪಗೆ, ದುಂಡಗೆ ಏನೋ ಕೂತಿದೆ! ಅದು ತಿರುಗಲಿ ಎಂದು ಕಾದೆ. ನನ್ನ ತಲೆಯ ಮೇಲೆ ಯಾವುದೋ ಕಾಯಿಯ ಸಿಪ್ಪೆ ಉದುರುತ್ತಿತ್ತು. ಗಾಳಿಯನ್ನು ಬೈದುಕೊಂಡು ಒರೆಸಿಕೊಂಡೆ. ನಡುವೆ ಒಮ್ಮೆ ಬಂಡೆಯತ್ತ ನೋಡಿದರೆ ಅತ್ತೆ ನೆತ್ತಿ ತಟ್ಟಿಕೊಳ್ಳುತ್ತಿದ್ದಾರೆ. ತಲೆನೋವಿರಬೇಕೆಂದು, ಮುಲಾಮು ಚೀಲದಲ್ಲಿದೆ ಎಂದು ಚೀಲ ತೋರಿಸಿದೆ. ಮಾವ ಮುಷ್ಟಿ ಬಿಗಿದು ಎತ್ತಿದ್ದಾರೆ. ಇನ್ನೂ ಕೋಪ ಇಳಿದಿಲ್ಲ. ಹೆಂಡತಿ ಎರಡು ಬೆರಳನ್ನು ಕತ್ತರಿಯಂತೆ ಆಡಿಸುತ್ತಿದ್ದಾಳೆ. ಎರಡೇ ನಿಮಿಷದಲ್ಲಿ ಹೊರಡಬೇಕೇ? ಸಾಧ್ಯವಿಲ್ಲ ಎಂದು ಹತ್ತು ಬೆರಳನ್ನೂ ಎರಡು ಸಲ ತೋರಿಸಿದೆ. ಅವಳು ಹಣೆ ಚಚ್ಚಿಕೊಂಡಳು. ಆ ಸನ್ನೆ ನನಗೆ ಮನೆಯಲ್ಲೇ ಪರಿಚಯವಿತ್ತು.

ಬಿಸಿಲೇರಿದಾಗ ಆಚೆಯ ಸಿಂಗಳೀಕ ಹಲಸಿನಕಾಯಿಯಾಯಿತು. ದುರ್ಬೀನು ಇಳಿಸಿದೆ. "ಹೋಯ್ತು" ಎಂದಳು ಹತ್ತಿರ ಬಂದ ಹೆಂಡತಿ.

"ಏನು ಹೋಯ್ತು?"

"ಕೊರಂಗು. ನಿಮ್ಮ ತಲೆ ಮೇಲಿನ ಕೊಂಬೇಲೇ ಇತ್ತುಂಗ ಇಷ್ಟೊತ್ತೂ."

ಅವರ ಶೆಡ್ಡಿನ ಸನ್ನೆಯಲ್ಲಿ ನೆತ್ತಿ ತಟ್ಟಿದರೆ 'ಮೇಲೆ ನೋಡು', ಮುಷ್ಟಿ ಎತ್ತಿದರೆ 'ಅಲುಗಬೇಡ', ಕತ್ತರಿ ಬೆರಳೆಂದರೆ 'ನೂಲು ಹರಿದಿದೆ, ಇದ್ದದ್ದು ಬಿಟ್ಟು ಇತ್ತ ನೋಡು' ಎಂದಂತೆ. ನನಗೆ ಅಳುವೇ ಬಂತು. "ಒಂದು ಸಲ ಕೂಗಬಾರದಿತ್ತೇ?" ಎಂದೆ.

"ಬಾಯಿ ತೆರೀಬ್ಯಾಡಿ ಅಂತ ನೀವು ತಾನೇ ಹೇಳಿದ್ದು, ಮಾಪಳೆ?" ಎಂದರು ಅತ್ತೆ, ಕೋಪವಿಲ್ಲದೆ. "ಮನೆ ಮಾಪಳೆ ಮಾತು ಮೀರಾಕಾಗುತ್ತಾ? ಎಷ್ಟು ಅಳಗು, ಎಷ್ಟು ಚೆಂದಾಗಿತ್ತು! ಮೈಯೆಲ್ಲ ಕರಿ ಪಟ್ಟುಸೀರೆ, ಮೊಕದ ಸುತ್ತ ವೆಳ್ಳಿ ಬಾರ್ಡರು."

ಪಠ್ಯಪುಸ್ತಕದಲ್ಲೂ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಬಸ್ಸಿನಲ್ಲಿ ಪೊಳ್ಳಾಚಿಯವರೆಗೂ ಮೂವರೂ ಪೂರ್ತಿ ಗಂಟಲಿನಲ್ಲಿ ಅದರ ಬಾಲ, ಹಲ್ಲು, ನಡೆಯನ್ನು ಬಣ್ಣಿಸಿದರು. ನಾನು ನನ್ನ ವಿದ್ಯಾರ್ಥಿಗಳ ಹಾಗೆ ನೋಟ್ಸ್ ಬರೆದುಕೊಂಡೆ.

ಜೂನ್‌ನಲ್ಲಿ ಕ್ಲಾಸಿನಲ್ಲಿ, ಸಿಂಗಳೀಕವೊಂದು ನನ್ನಿಂದ ಹತ್ತಡಿ ದೂರದಲ್ಲಿ ಬಹಳ ಹೊತ್ತು ಕೂತಿತ್ತು ಎಂದೆ. ಒಂದಕ್ಷರವೂ ಸುಳ್ಳಿರಲಿಲ್ಲ. ಆ ಹುಡುಗಿ ಮತ್ತೆ ಎದ್ದಳು. "ಅಷ್ಟು ಹತ್ತಿರದಲ್ಲಿ ಅದು ಏನು ಮಾಡ್ತಿತ್ತು ಸಾರ್?"

"ಸಿಪ್ಪೆ ಉಗುಳುತ್ತಿತ್ತು" ಎಂದೆ. ಆ ಪಾಠದಲ್ಲಿ ಯಾರನ್ನೂ ಕೇಳದೆ, ಸ್ವಂತ ಅನುಭವದಿಂದ ನಾನು ಹೇಳಿದ್ದು ಅದೊಂದೇ.