ಸತ್ತವನು ಎಲೆ-ಅಡಿಕೆ ಹಂಚಿದ ಸಿನೆಮಾ

ಸಿನೆಮಾ ನೋಡಿ ಬಂದವನನ್ನು ಯಾರಾದರೂ ‘ಏನು ಕಥೆ?’ ಎಂದು ಕೇಳಿದರೆ ‘ನನಗೆ ತಿಳಿಯಲಿಲ್ಲ’ ಎಂದು ಹೇಳಬಹುದು. ಕಾನೂನಿನಲ್ಲಿ ಅದಕ್ಕೆ ಶಿಕ್ಷೆಯಿಲ್ಲ. ಆದರೂ ನನ್ನ ಇಷ್ಟು ವರ್ಷದ ಬಾಳಿನಲ್ಲಿ ಹಾಗೆ ಹೇಳಿದ ಒಬ್ಬನನ್ನೂ ನಾನು ಕಂಡಿಲ್ಲ, ನಾನಂತೂ ಹೇಳಿಲ್ಲ. ಆಟದುದ್ದಕ್ಕೂ ನಿದ್ದೆ ಹೊಡೆದು ಎದ್ದು ಬಂದವನು ಕೂಡ ‘ನಡುವೆ ಸ್ವಲ್ಪ ಎಳೆದಿದ್ದಾರೆ’ ಎನ್ನುತ್ತಾನೆ. ಹೊಸ ಸಿನೆಮಾ ಬಂದ ಮರುದಿನವೇ ಪತ್ರಿಕೆಯಲ್ಲಿ ವಿಮರ್ಶೆ ಬರೆಯುವವರನ್ನು ಈಗ ಜನ ವಾಚಾಮಗೋಚರವಾಗಿ ಬೈಯುವುದನ್ನು ಕೇಳಿದಾಗ ನನಗೆ ಆ ಬಡಪಾಯಿಗಳ ಮೇಲೆ ಕನಿಕರ ಬರುತ್ತದೆ. ಯಾಕೆಂದರೆ ಒಂದು ಕಾಲಕ್ಕೆ ನಾನೂ ಅದೇ ಕಸುಬಿನಲ್ಲಿದ್ದೆ. ಪತ್ರಿಕೆ ಇರಲಿಲ್ಲ, ಅಷ್ಟೆ.

ಅವು ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳು. ನಾನು ಮಸ್ಕಿಯ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಸುಗ್ಗಿ ಮುಗಿದ ಮೇಲೆ ಟೂರಿಂಗ್ ಟಾಕೀಸಿನವರು ಲಿಂಗಸುಗೂರಿನಲ್ಲಿ ಎಂಟು ದಿನ, ನಮ್ಮಲ್ಲಿ ಎಂಟು ದಿನ ತಂಬು ಹಾಕಿ ಆಮೇಲೆ ಸಿಂಧನೂರಿನ ಕಡೆ ಹೋಗುತ್ತಿದ್ದರು. ಬರುತ್ತಿದ್ದುದು ಹೆಚ್ಚಾಗಿ ಹಿಂದೂಸ್ತಾನಿ ಮಾತಿನ ಚಿತ್ರಗಳು. ನಮ್ಮ ಜನಕ್ಕೆ ಉರ್ದು ಅಷ್ಟಿಷ್ಟು ಬರುತ್ತಿತ್ತು. ಸಂತೆಯಲ್ಲಿ ಚೌಕಾಶಿ ಮಾಡುವಷ್ಟು, ಕಚೇರಿಯಲ್ಲಿ ಸಲಾಮು ಹೊಡೆಯುವಷ್ಟು. ನಾಯಕಿ ಬಿಕ್ಕುತ್ತ ಆಡುವ ಮಾತು ಅಷ್ಟರಲ್ಲಿ ತಿಳಿಯುತ್ತಿರಲಿಲ್ಲ. ನಾನೋ ಉರ್ದುವಿನಲ್ಲೇ ಓದಿ ಪಾಸಾದವನು. ಹೀಗಾಗಿ ಅರ್ಥ ಹೇಳುವ ಹೊಣೆ ನನ್ನ ಕೊರಳಿಗೆ ಬಿತ್ತು. ನಾಯಕಿಯರ ಉರ್ದು ನನಗೂ ಅರ್ಧವೇ ತಿಳಿಯುತ್ತಿತ್ತೆಂಬುದನ್ನು ನಾನು ಯಾರಿಗೂ ಹೇಳಲು ಹೋಗಲಿಲ್ಲ.

ತಂಬುವಿನಲ್ಲಿ ಯಂತ್ರ ಇದ್ದುದು ಒಂದೇ. ಒಂದು ರೀಲು ಮುಗಿದು ಇನ್ನೊಂದನ್ನು ಏರಿಸುವವರೆಗೆ ದೀಪ ಹತ್ತುತ್ತಿತ್ತು, ಎಲೆ-ಅಡಿಕೆ ಚೀಲಗಳು ಬಿಚ್ಚಿಕೊಳ್ಳುತ್ತಿದ್ದವು, ಊರಿನ ವಿಮರ್ಶಕರೆಲ್ಲ ಬಾಯಿ ತೆರೆಯುತ್ತಿದ್ದರು. ಬೇರೆ ಕಡೆ ವಿಮರ್ಶಕರು ಪೂರ್ತಿ ನೋಡಿ ಒಮ್ಮೆ ಹೇಳಿದರೆ ಮುಗಿಯಿತು. ನಮ್ಮಲ್ಲಿ ಅದು ಕಂತಿನ ವ್ಯವಹಾರ. ಜವಳಿ ಅಂಗಡಿಯ ಶರಣಪ್ಪನವರು ಸಿನೆಮಾ ಅಳೆಯುತ್ತಿದ್ದುದು ಸೀರೆಯಿಂದ. ‘ಬಡವಿ ಅಂತ ತೋರ್ಸ್ಯಾರ, ಉಟ್ಟಿದ್ದು ನೋಡಿದ್ರ ಅಸಲ ರೇಷ್ಮಿ’ ಎಂದು ಒಂದು ಇಡೀ ಚಿತ್ರವನ್ನು ಅವರು ತಳ್ಳಿಹಾಕಿದ್ದುಂಟು. ಟಾಂಗಾ ಹೊಡೆಯುವ ಖಾದರಸಾಬ ಕುದುರೆಯನ್ನು ಮಾತ್ರ ನೋಡುತ್ತಿದ್ದ. ಕುದುರೆ ಇಲ್ಲದ ಚಿತ್ರ ಬಂದರೆ ‘ಬರೇ ಮಾತು, ಆಟಾನ ಇಲ್ಲ’ ಎಂದು ಎದ್ದು ಹೋಗುತ್ತಿದ್ದ. ಇಬ್ಬರೂ ತಮ್ಮ ತಮ್ಮ ತೀರ್ಪು ಕೊಟ್ಟಾದ ಮೇಲೆ ನನ್ನ ಕಡೆ ತಿರುಗಿ ‘ಏನಂತೀರಿ ಮಾಸ್ತರ?’ ಎನ್ನುತ್ತಿದ್ದರು. ಗಂಡಸರಿಗೂ ಹೆಂಗಸರಿಗೂ ನಡುವೆ ಕಟ್ಟಿದ ಪರದೆಯ ಆಚೆ ಕೂತ ಹೆಂಗಸರು ಕೂಡ ಆಗ ಸುಮ್ಮನಾಗುತ್ತಿದ್ದರು. ಆ ಸುಮ್ಮನಾಗುವಿಕೆಯ ರುಚಿ ನನಗೆ ಹತ್ತಿಬಿಟ್ಟಿತ್ತು.

ಅದೇ ದಿನಗಳಲ್ಲಿ ನನಗೆ ಹೆಣ್ಣು ನೋಡುತ್ತಿದ್ದರು. ಎರಡು ಕಡೆ ಬೇಡವೆಂದಿದ್ದರು. ಮೂರನೆಯದು ಲಿಂಗಸುಗೂರಿನ ಅದಾಲತ್ತಿನಲ್ಲಿ ಗುಮಾಸ್ತರಾಗಿದ್ದ ಪೇಷ್ಕಾರರ ಮಗಳು ನೀಲಮ್ಮ. ಅವಳನ್ನು ನಾನು ಒಮ್ಮೆ ಲಿಂಗಸುಗೂರಿನ ಸಂತೆಯಲ್ಲಿ ಕಂಡಿದ್ದೆ. ಬಳೆಗಾರನಿಗೆ ಅವನ ಬಳೆಗಳಲ್ಲಿದ್ದ ಐಬುಗಳನ್ನು ಒಂದೊಂದಾಗಿ ತೋರಿಸುತ್ತಿದ್ದಳು, ಅವನು ಬೆವರುತ್ತಿದ್ದ. ಮದುವೆಯಾದರೆ ಇವಳನ್ನೇ ಎಂದು ಅಲ್ಲೇ ತೀರ್ಮಾನಿಸಿದೆ. ಪೇಷ್ಕಾರರದು ಒಂದೇ ಷರತ್ತು ಎಂದು ನಡುವಿನವರು ಹೇಳಿ ಕಳಿಸಿದ್ದರು: ‘ದಿನಾ ಅದಾಲತ್ತಿನ್ಯಾಗ ಸುಳ್ಳ ಸಾಕ್ಷಿ ಬರದು ಬರದು ಸಾಕಾಗೈತಿ. ಮನೀಗೆ ಬರೂ ಅಳಿಯಾನಾದ್ರೂ ಸುಳ್ಳ ಹೇಳದಾಂವ ಇರ್ಲಿ.’ ನನಗೆ ಇದರಿಂದ ಭಯವೇನೂ ಆಗಲಿಲ್ಲ. ನಾನು ಸುಳ್ಳುಗಾರನೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಆ ಸಲ ಬಂದದ್ದು ಒಂದು ಸಂಸಾರದ ಕಥೆ. ಬಡ ತಂದೆ, ಒಬ್ಬಳೇ ಮಗಳು. ನಾಲ್ಕನೆಯ ರೀಲಿನಲ್ಲಿ ತಂದೆ ಕೆಮ್ಮಿ ಕೆಮ್ಮಿ ಸತ್ತ. ಸುಡುಗಾಡಿಗೂ ಒಯ್ದರು. ಹೆಂಗಸರು ಮನಸಾರೆ ಅತ್ತರು. ದೀಪ ಹತ್ತಿತು, ಆರಿತು. ಐದನೆಯ ರೀಲಿನಲ್ಲಿ ಮಗಳ ಮದುವೆ. ಚಪ್ಪರದ ಬಾಗಿಲಲ್ಲಿ ಅದೇ ತಂದೆ ಜರಿಯ ರುಮಾಲು ಸುತ್ತಿಕೊಂಡು, ನಗುನಗುತ್ತ, ಬಂದವರಿಗೆಲ್ಲ ಎಲೆ-ಅಡಿಕೆ ಹಂಚುತ್ತಿದ್ದಾನೆ. ರೀಲು ಮುಗಿದು ದೀಪ ಹತ್ತಿದಾಗ ಇಡೀ ಮಸ್ಕಿ ನನ್ನ ಮುಖ ನೋಡುತ್ತಿತ್ತು.

‘ಮಾಸ್ತರ, ಸತ್ತವ ಹೆಂಗ ಬಂದ?’ ಎಂದರು ಶರಣಪ್ಪನವರು.

‘ತಿಳಿಯಲಿಲ್ಲ’ ಎನ್ನಲು ಅದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ. ‘ಅಲ್ಲಿ ನಿಂತಾಂವ ತಂದಿ ಅಲ್ರಿ. ಅದು ಮಗಳ ಹಂಬಲ. ಇಂಥಾ ಹೊತ್ತಿನ್ಯಾಗ ಅಪ್ಪ ಇರಬೇಕಿತ್ತು ಅಂತ ಆಕಿ ನೆನಸಾಕತ್ತಾಳ. ಆಕಿ ಕಣ್ಣಿಗಷ್ಟ ಕಾಣತಾನ.’

‘ಮತ್ತ ಮಂದಿ ಎಲ್ಲಾ ಅವನ ಕೈಯಾಗಿಂದ ಅಡಿಕಿ ಇಸಗೊಂಡ್ರಲ್ಲ?’ ಎಂದ ಖಾದರಸಾಬ.

‘ಅವರಿಗೂ ಹಂಬಲ ಇತ್ತು’ ಎಂದೆ.

ಖಾದರಸಾಬ ‘ಛಲೋ ಮನಶ್ಯಾ ಇದ್ದಾ ಅಂವ’ ಎಂದು ಒಪ್ಪಿಕೊಂಡ. ಪರದೆಯ ಆಚೆ ಯಾರೋ ಹೊಸದಾಗಿ ಅಳಲು ಶುರು ಮಾಡಿದರು. ಮರುದಿನ ಬೆಳಗಾಗುವುದರೊಳಗೆ ನನ್ನ ಅರ್ಥ ಊರೆಲ್ಲ ಹಬ್ಬಿತು. ನೀರಿಗೆ ಹೋದಲ್ಲಿ, ಗಿರಣಿಯಲ್ಲಿ, ಚಾದ ಅಂಗಡಿಯಲ್ಲಿ ಅದೇ ಮಾತು. ಅಪ್ಪನನ್ನು ಕಳೆದುಕೊಂಡ ಹೆಣ್ಣುಮಕ್ಕಳು ಎರಡೆರಡು ಸಲ ನೋಡಲು ಹೊರಟರು. ಶರಣಪ್ಪನವರು ಸೀರೆಯ ಮಾತೇ ಎತ್ತದೆ ‘ಇಂಥಾ ಆಟಾ ಆಗಿಲ್ಲ’ ಎಂದರು. ನಾನು ಶಾಲೆಗೆ ಹೋಗುವ ದಾರಿಯಲ್ಲಿ ಸಿಕ್ಕವರೆಲ್ಲ ಆ ದಿನ ಒಂದು ನಮಸ್ಕಾರ ಹೆಚ್ಚು ಮಾಡಿದರು.

ಮಧ್ಯಾಹ್ನ ಟಾಕೀಸಿನ ಯಂತ್ರ ನಡೆಸುವ ಮಹಬೂಬಸಾಬ ಶಾಲೆಯ ಬಾಗಿಲಿಗೆ ಬಂದ. ಮುದುಕ, ಸಭ್ಯ, ಮುಖ ಸಪ್ಪಗಾಗಿತ್ತು. ‘ಮಾಸ್ತರ್ ಸಾಬ್, ಗಲತಿ ಆಗ್ಯಾದ. ಲಿಂಗಸುಗೂರಿಂದ ಬಸ್ಸಿನ ಮ್ಯಾಲ ಡಬ್ಬಿ ಹಾಕಿ ತಂದಿವಿ. ಸೀಮೆಸುಣ್ಣದಲೆ ಬರದ ನಂಬರ ಅಳಿಸಿ ಹೋಗ್ಯಾವ, ಮುಂಜಾನೆ ರೀಲು ಸುತ್ತೂವಾಗ ಒಳಗಿನ ನಂಬರ ಕಂಡೆ. ಮದುವಿ ಐದನೇ ರೀಲು ಅಲ್ರಿ, ಅದು ನಾಲ್ಕನೇದು. ಮುದುಕ ಸಾಯೂದು ಆಮ್ಯಾಗ.’

‘ಅಲ್ಲೋ ಮಾರಾಯ, ಲಿಂಗಸುಗೂರಾಗ ಎಂಟು ದಿನ ತೋರ್ಸಿ ಬಂದೀದಿ, ನಿನಗ ಕಥಿ ಗೊತ್ತಿಲ್ಲೇನು?’

‘ನಾ ಆಟಾ ನೋಡಂಗಿಲ್ರಿ. ಇಪ್ಪತ್ತು ವರ್ಷಾತು, ನಾ ನೋಡೂದು ಬರೇ ದೀಪ ಆರತೈತೋ ಏನು ಅಂತ. ಇವತ್ತ ಸರಿ ಮಾಡಿ ತೋರಸ್ತೀನಿ. ನಿಮಗ ಹೇಳಿ ಹೋಗೂಣ ಅಂತ ಬಂದೆ.’

ಇಲ್ಲಿ ನಾನು ಮಾಡಿದ್ದನ್ನು ಇಂದಿನ ಯಾವ ವಿಮರ್ಶಕನೂ ಮಾಡಿರಲಾರ. ವಿಮರ್ಶೆ ತಪ್ಪಾದರೆ ಅವರು ಹೆಚ್ಚೆಂದರೆ ಒಂದು ತಿದ್ದುಪಡಿ ಬರೆದಾರು. ನಾನು ಮಹಬೂಬಸಾಬನನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದು, ಅವನ ಎರಡೂ ಕೈ ಹಿಡಿದು, ಮಸ್ಕಿಯಲ್ಲಿ ಆಟ ಇರುವಷ್ಟು ದಿನವೂ ಮುದುಕನನ್ನು ಮೊದಲು ಸಾಯಿಸು, ಆಮೇಲೆ ಮದುವೆ ಮಾಡು ಎಂದು ಬೇಡಿಕೊಂಡೆ. ವಿಮರ್ಶೆಯನ್ನು ಸಿನೆಮಾಕ್ಕೆ ಹೊಂದಿಸಲಾಗದೆ ಸಿನೆಮಾವನ್ನೇ ವಿಮರ್ಶೆಗೆ ಹೊಂದಿಸಿದೆ. ಪಾಪ, ಅವನು ಒಪ್ಪಿದ. ತಂಬು ಎಂಟೂ ದಿನ ಕಿಕ್ಕಿರಿದು ತುಂಬಿತು. ಸರಿಯಾದ ಕ್ರಮದಲ್ಲಿ ತೋರಿಸಿದ್ದ ಲಿಂಗಸುಗೂರಿನಲ್ಲಿ ಮೂರನೆಯ ದಿನಕ್ಕೇ ಮಂದಿ ಕಡಿಮೆಯಾಗಿದ್ದರಂತೆ.

ತಂಬು ಎತ್ತಿದ ಮೇಲೆ ಬಂದ ಶುಕ್ರವಾರ, ನಿಜಾಮರ ಕಾಲದ ರಜೆಯ ದಿನ, ಹೆಣ್ಣು ನೋಡಲು ಹೊರಟೆವು. ಹಿರಿಯರೆಂದು ಶರಣಪ್ಪನವರು ನನ್ನ ಜೊತೆಗೆ ಬಂದರು. ಪೆಟ್ರೋಲಿಲ್ಲದ ಆ ಕಾಲದ ಇದ್ದಿಲಿನ ಬಸ್ಸು, ಏರು ಬಂದಲ್ಲಿ ಇಳಿದು ದೂಡಿದೆವು. ಲಿಂಗಸುಗೂರು ಮುಟ್ಟುವಷ್ಟರಲ್ಲಿ ನನ್ನ ಬಿಳಿಯ ಅಂಗಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಪೇಷ್ಕಾರರು ಗಾದಿಯ ಮೇಲೆ ಕೂಡಿಸಿದರು. ಬಾಗಿಲ ಹತ್ತಿರ ಅವರ ತಾಯಿ, ಹುಡುಗಿಯ ಅಜ್ಜಿ, ಕೂತಿದ್ದಳು. ಬಾಗಿಲ ಹಿಂದೆ ಬಳೆಯ ಸದ್ದು. ಚುರುಮುರಿಯ ಸುಸಲಾ ಬಂತು, ಚಾ ಬಂತು. ಎಲ್ಲ ಸುಗಮವಾಗಿತ್ತು. ಅಷ್ಟರಲ್ಲಿ ಪೇಷ್ಕಾರರು ಸಲಿಗೆಯಿಂದ, ‘ಮಾಸ್ತರ, ಟಾಕೀಸು ನೋಡತೀರಂತಲ್ಲ?’ ಎಂದರು.

ನಾನು ಬಾಯಿ ತೆರೆಯುವ ಮೊದಲೇ ಶರಣಪ್ಪನವರು ತೆರೆದರು. ‘ನೋಡೂದಷ್ಟ ಅಲ್ರಿ ಸಾಹೇಬ್ರ, ಅರ್ಥಾ ಹೇಳತಾರ. ಮೊನ್ನೆ ಬಂದಿತ್ತಲ್ಲ, ಸತ್ತ ತಂದಿ ಮಗಳ ಮದುವ್ಯಾಗ ಬಂದು ಎಲಿ-ಅಡಿಕಿ ಹಂಚತಾನ, ಆ ಆಟಾ. ಅದಕ್ಕ ಇವರು ಹೇಳಿದ ಅರ್ಥಾ ಕೇಳಿ ನಮ್ಮೂರ ಹೆಣ್ಮಕ್ಕಳು ಮೂರು ಸಲ ನೋಡ್ಯಾರ.’

‘ಸತ್ತ ಮ್ಯಾಲ ಹಂಚತಾನ?’ ಎಂದರು ಪೇಷ್ಕಾರರು. ‘ನಾವು ಇಲ್ಲಿ ನೋಡಿದಾಗ ಅಡಿಕಿ ಹಂಚಿ ಆಮ್ಯಾಗ ಸತ್ತ.’

‘ಇಲ್ರಿ, ಮೊದಲ ಸತ್ತಾನ. ಬೇಕಾದ್ರ ನಮ್ಮ ಊರಿಗೂರೇ ಸಾಕ್ಷಿ ಹೇಳತೈತಿ.’

ಸಾಕ್ಷಿ ಎಂಬ ಮಾತು ಕೇಳಿದೊಡನೆ ಪೇಷ್ಕಾರರ ಬೆನ್ನು ನೆಟ್ಟಗಾಯಿತು. ಚಸ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನ ಕಡೆ ತಿರುಗಿದರು. ‘ಮಾಸ್ತರ, ನೀವ ಹೇಳ್ರಿ. ಮೊದಲ ಯಾವುದು? ಮದುವಿನೋ, ಸಾವೋ?’

ನಿಜ ಹೇಳಿದರೆ ಸಂಜೆಯ ಬಸ್ಸಿಗೆ ಅದು ಶರಣಪ್ಪನವರ ಜೊತೆ ಮಸ್ಕಿಗೆ ಹೋಗುತ್ತದೆ. ಮೂರು ಸಲ ಅತ್ತ ಹೆಂಗಸರು ನನ್ನನ್ನು ಊರಲ್ಲಿ ಉಳಿಸುವುದಿಲ್ಲ. ಸುಳ್ಳು ಹೇಳಿದರೆ ಬಾಗಿಲ ಹಿಂದಿನ ಬಳೆ ನನ್ನದಲ್ಲ. ‘ಅದು ಹೆಂಗಂದ್ರ...’ ಎಂದು ಶುರು ಮಾಡಿ ಖಾಲಿ ಚಾ ಬಟ್ಟಲನ್ನೇ ಬಾಯಿಗಿಟ್ಟೆ.

ಬಾಗಿಲ ಹಿಂದಿನಿಂದ ನೀಲಮ್ಮನ ದನಿ ಕೇಳಿತು. ‘ಆಯಿ, ಅಪ್ಪಗ ಹೇಳು. ಊರಿಗೊಂದು ಥರಾ ಜೋಡಿಸಿ ಕಳಸ್ತಾರಂತ. ಎಲ್ಲಾ ಕಡೆ ಒಂದ ಥರಾ ಇದ್ರ ಇಲ್ಲಿ ನೋಡಿದವರು ಹೇಳಿಬಿಡತಾರ, ಅಲ್ಲಿ ಯಾರೂ ನೋಡಂಗಿಲ್ಲ.’

ಆಯಿ ಅದನ್ನು ಮತ್ತೆ ಹೇಳುವ ಅಗತ್ಯ ಬೀಳಲಿಲ್ಲ. ‘ನೋಡ್ರಿ ಮತ್ತ’ ಎಂದು ಶರಣಪ್ಪನವರು ಎದೆಯುಬ್ಬಿಸಿದರು. ‘ಹಂಗೂ ಮಾಡತಾರ?’ ಎಂದು ಪೇಷ್ಕಾರರು ನನ್ನನ್ನು ಕೇಳಿದರು. ನಾನು ಹೌದೆಂಬಂತೆ ತಲೆಯಾಡಿಸಿದೆ. ತಲೆಯಾಡಿಸಿದ್ದನ್ನು ಸುಳ್ಳೆಂದು ಬರೆದುಕೊಳ್ಳುವ ಪದ್ಧತಿ ಅದಾಲತ್ತಿನಲ್ಲೂ ಇರಲಿಲ್ಲ ಎಂದು ಕಾಣುತ್ತದೆ. ಅಂದೇ ಮಾತು ಮುಗಿದು, ಮುಂದಿನ ತಿಂಗಳು ಮದುವೆಯಾಯಿತು.

ಆದರೆ ಮನಸ್ಸು ಕೊರೆಯುತ್ತಿತ್ತು. ಮಸ್ಕಿಯಲ್ಲಿ ಸಂಸಾರ ಹೂಡಿದ ಮೊದಲ ವಾರದಲ್ಲೇ, ಅವಳು ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಮುಂದೆ ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಅಳಿಸಿದ ನಂಬರು, ಮಹಬೂಬಸಾಬ, ಬೇವಿನ ಗಿಡ, ಒಂದನ್ನೂ ಬಿಡಲಿಲ್ಲ. ಅವಳು ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

‘ಡಬ್ಬಿ ಅದಲಬದಲ ಆಗ್ಯಾವಂತ ನನಗ ಅವತ್ತ ಗೊತ್ತಾತ್ರಿ’ ಎಂದಳು. ‘ನಾನೂ ಆಟಾ ನೋಡೀನಲ್ಲ.’

‘ಗೊತ್ತಿದ್ದೂ ನನ್ನ ಯಾಕ ಉಳಿಸಿದಿ? ಸುಳ್ಳಗಾರನ್ನ ಯಾಕ ಮಾಡಿಕೊಂಡಿ?’

‘ನನಗ ಅಡಿಗಿ ಬರಂಗಿಲ್ಲಂತ ಲಿಂಗಸುಗೂರಿಗೆಲ್ಲ ಗೊತ್ತಿತ್ತು. ಸತ್ತವ ಎದ್ದು ಬಂದ್ರೂ ಅದಕ್ಕೊಂದು ಅರ್ಥಾ ಹಚ್ಚಿ, ಹೊಗಳಿ, ಊರ ಮಂದೀನೂ ಒಪ್ಪಸೂ ಗಂಡಸು ಸಿಕ್ಕಾನ, ಬಿಡಬಾರದು ಅನಿಸ್ತು.’

ಅವಳು ತಾಟು ಮುಂದಿಟ್ಟಳು. ರೊಟ್ಟಿ ಒಂದು ಮಗ್ಗುಲಲ್ಲಿ ಕರಿ, ಇನ್ನೊಂದು ಮಗ್ಗುಲಲ್ಲಿ ಹಸಿ. ಬದನೆಕಾಯಿ ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು. ನಾನು ಮೆಲ್ಲಗೆ ಅಗಿದು ನುಂಗಿ, ‘ಪಲ್ಯದಾಗ ಒಂದು ಗಾಂಭೀರ್ಯ ಐತಿ’ ಎಂದೆ. ಅವಳು ಇನ್ನಷ್ಟು ಬಡಿಸಿದಳು.